ಸ್ಪರ್ಧೆಯಲ್ಲಿ ಸಿಗುವ ವಿದೇಶಿ ಸೀಟು: ಹಲಾಲೋ, ಮೋಸವೋ?

ಪೀಣ್ಯದ ನಮ್ಮ ಮಸೀದಿಯಲ್ಲಿ ಜುಮಾ ಮುಗಿದ ಮೇಲೆ ಜನ ನಿಲ್ಲುವುದಿಲ್ಲ. ಕಾರ್ಖಾನೆಗಳಲ್ಲಿ ಸಿಗುವ ಬಿಡುವೇ ಅಷ್ಟು. ಸಲಾಮ್ ಹೇಳಿದ ಕೂಡಲೇ ಚಪ್ಪಲಿ ಹುಡುಕಿಕೊಂಡು ಓಡುತ್ತಾರೆ. ಕಳೆದ ವರ್ಷದ ಒಂದು ಶುಕ್ರವಾರ ಒಬ್ಬರು ಮಾತ್ರ ಕಂಬದ ಬಳಿ ನಿಂತೇ ಇದ್ದರು. ಕಲಬುರಗಿ ಕಡೆಯವರು, ಇಲ್ಲಿ ಲೇತ್ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು. ಅವರ ಕೈಯಲ್ಲಿ ಒಂದು ಬಣ್ಣದ ಕರಪತ್ರವಿತ್ತು. 'ಸ್ಪರ್ಧೆಯಲ್ಲಿ ಗೆಲ್ಲಿ, ವಿದೇಶದಲ್ಲಿ ಎಂಜಿನಿಯರಿಂಗ್ ಮಾಸ್ಟರ್ಸ್ ಉಚಿತ' ಎಂದು ಅದರಲ್ಲಿ ಅಚ್ಚಾಗಿತ್ತು.

"ಹಜರತ್, ಮಗ ಮೆಕ್ಯಾನಿಕಲ್ ಏಳನೇ ಸೆಮಿಸ್ಟರ್. ಇದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಇನ್ನೊಂದು ಮಾತು. ಪಂದ್ಯದಲ್ಲಿ ಗೆದ್ದ ಸೀಟು ಹಲಾಲಾ? ಜೂಜಿನ ಹಾಗೆ ಆಗುವುದಿಲ್ಲವಾ?" ಎಂದು ಕೇಳಿದರು. ಕರಪತ್ರದಲ್ಲಿದ್ದ ನಂಬರಿಗೆ ಅವರು ಆಗಲೇ ಫೋನ್ ಮಾಡಿದ್ದರು. ನೋಂದಣಿ ಮತ್ತು ತರಬೇತಿಗೆಂದು 60,000 ರೂಪಾಯಿ, ಸೀಟು ಸಿಕ್ಕ ಮೇಲೆ ಇನ್ನೂ ಮೂರು ಲಕ್ಷ ಎಂದಿದ್ದರಂತೆ. ನೆಲಮಂಗಲದ ಕಡೆ ಚೀಟಿ ಹಣದಲ್ಲಿ ಕೊಂಡ 20-30 ಅಳತೆಯ ಒಂದು ಸೈಟು ಇವರಿಗಿದೆ. ಅದನ್ನು ಮಾರುವ ಮಾತು ಮನೆಯಲ್ಲಿ ನಡೆದಿತ್ತು.

ನಾವು ಮದ್ರಸಾದಲ್ಲಿ ಓದಿದವರು, ಆಮೇಲೆ ಬಿ.ಎ. ಮಾಡಿದವರು. ಎರಡನೆಯ ಪ್ರಶ್ನೆಗೆ ಅಲ್ಲೇ ಉತ್ತರ ಹೇಳಿದೆವು. ಮೊದಲನೆಯದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. "ಹದಿನೈದು ದಿನ ಸಮಯ ಕೊಡಿ ಭಾಯಿ, ಅಲ್ಲಿಯವರೆಗೆ ಒಂದು ಪೈಸೆಯನ್ನೂ ಕೊಡಬೇಡಿ" ಎಂದೆವು. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡಿನ ಕಂಪನಿಗಳಲ್ಲಿರುವ, ಹೊರದೇಶದಲ್ಲಿ ಓದಿ ಬಂದ ಸಹೋದರರನ್ನು ವಿಚಾರಿಸಿದೆವು. ಅವರು ಹೇಳಿದ್ದನ್ನು ಆಯಾ ವಿಶ್ವವಿದ್ಯಾಲಯಗಳ, ದೂತಾವಾಸಗಳ ಪ್ರಕಟಣೆಗಳೊಂದಿಗೆ ಹೋಲಿಸಿ ನೋಡಿದೆವು. ನಂತರದ ಎರಡು ಜುಮಾಗಳ ಬಯಾನಿನಲ್ಲಿ ಅದನ್ನೇ ಹೇಳಿದೆವು. ಶಿಫ್ಟ್ ಇದ್ದ ಕಾರಣ ಕೇಳಲಾಗದವರು ಬರೆದುಕೊಡಿ ಎಂದದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲು ಹಲಾಲ್ ಹರಾಮಿನ ಮಾತು. ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ 90ನೇ ವಚನ ಜೂಜನ್ನು ಮದ್ಯದ ಜೊತೆಗೇ ನಿಷೇಧಿಸಿದೆ. ಜೂಜು ಎಂದರೆ ಏನು? ಆಡುವವರೆಲ್ಲ ತಮ್ಮ ಹಣವನ್ನು ಪಣಕ್ಕಿಟ್ಟು, ಒಬ್ಬನ ಲಾಭ ಇನ್ನೊಬ್ಬನ ನಷ್ಟದಿಂದಲೇ ಬರುವ ವ್ಯವಹಾರ. ಬಹುಮಾನವನ್ನು ಆಡುವವರಲ್ಲದ ಮೂರನೆಯವರು ಕೊಟ್ಟರೆ, ಸೋತವನು ಏನನ್ನೂ ಕಳೆದುಕೊಳ್ಳದಿದ್ದರೆ, ಅದು ಜೂಜಲ್ಲ. ಬಾಣ, ಒಂಟೆ, ಕುದುರೆಯ ಪೈಪೋಟಿಗೆ ಬಹುಮಾನ ಇಡಲು ಪ್ರವಾದಿ(ಸ)ರವರು ಅನುಮತಿ ಕೊಟ್ಟದ್ದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಬಂದಿದೆ. ಹನಫಿ ವಿದ್ವಾಂಸರು ಇದೇ ಅನುಮತಿಯನ್ನು ವಿದ್ಯೆಯ ಪೈಪೋಟಿಗೂ ಅನ್ವಯಿಸಿದ್ದಾರೆ. ವಿಶ್ವವಿದ್ಯಾಲಯವೋ ಸರ್ಕಾರವೋ ತನ್ನ ಹಣದಿಂದ ಸೀಟು ಕೊಡುತ್ತೇನೆ, ಚೆನ್ನಾಗಿ ಬರೆದವರು ಪಡೆಯಿರಿ ಎಂದರೆ ಅದರಲ್ಲಿ ದೋಷವಿಲ್ಲ. ಪರೀಕ್ಷಾ ಶುಲ್ಕ ಕಟ್ಟಿದರೂ ದೋಷವಿಲ್ಲ, ಏಕೆಂದರೆ ಅದು ಪರೀಕ್ಷೆ ನಡೆಸುವ ಖರ್ಚು, ಪಣವಲ್ಲ.

ದೋಷ ಇರುವುದು ಬೇರೆ ಕಡೆ. ಕೆಲವು ಕಡೆ 'ಲಕ್ಕಿ ಡ್ರಾ ಸ್ಕಾಲರ್‌ಶಿಪ್' ಎಂದು ನಡೆಯುತ್ತದೆ. ನೂರು ಹುಡುಗರಿಂದ ತಲಾ ಐದು ಸಾವಿರ ತೆಗೆದುಕೊಂಡು, ಒಬ್ಬನ ಚೀಟಿ ಎತ್ತಿ, ಅವನಿಗೆ ವಿಮಾನದ ಟಿಕೆಟ್ ಕೊಟ್ಟು ಫೋಟೋ ತೆಗೆಸುತ್ತಾರೆ. ಇದು ಅಪ್ಪಟ ಜೂಜು. ಮಸೀದಿಯ ಗೇಟಿನ ಮುಂದೆ ಹಂಚಿದ ಮಾತ್ರಕ್ಕೆ ಅದು ಹಲಾಲಾಗುವುದಿಲ್ಲ.

ಕುದುರೆಯ ಮಾತು ಬಂದಾಗ ಇನ್ನೊಂದು ವಿಷಯ ಹೇಳಲೇಬೇಕು. ಇದನ್ನು ನಾವು ಮದ್ರಸಾದಲ್ಲಿ ಎಷ್ಟೋ ಸಲ ಓದಿದ್ದರೂ ಇದರ ಕಡೆ ಹೀಗೆ ಗಮನ ಹರಿದಿರಲಿಲ್ಲ. ಮದೀನಾದಲ್ಲಿ ಪ್ರವಾದಿ(ಸ)ರವರು ಕುದುರೆ ಓಟ ಏರ್ಪಡಿಸಿದ್ದನ್ನು ಹಝ್ರತ್ ಇಬ್ನ್ ಉಮರ್(ರ) ವರದಿ ಮಾಡಿದ್ದಾರೆ, ಅವರೂ ಆ ಓಟದಲ್ಲಿ ಇದ್ದವರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಇದು ಬಂದಿದೆ. ಮೇವು ಅಳೆದು ಕೊಟ್ಟು ಓಟಕ್ಕೆಂದೇ ತಯಾರು ಮಾಡಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ, ಐದಾರು ಮೈಲಿ. ತಯಾರಾಗದ ಕುದುರೆಗಳಿಗೆ ಸನಿಯ್ಯದಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದೇ ಮೈಲಿ. ಎರಡಕ್ಕೂ ಒಂದೇ ಓಟ ಇಡಲಿಲ್ಲ. ನಮ್ಮ ಮಕ್ಕಳ ವಿಷಯದಲ್ಲಿ ನಾವು ಮಾಡುವುದು ಇದಕ್ಕೆ ವಿರುದ್ಧ. ಏಳನೇ ಸೆಮಿಸ್ಟರಿನವರೆಗೆ ಕೇಳುವುದೇ ಇಲ್ಲ, ಆಮೇಲೆ ಒಂದು ಕರಪತ್ರ ಕಂಡ ತಕ್ಷಣ ಐದಾರು ಮೈಲಿಯ ಓಟಕ್ಕೆ ನಿಲ್ಲಿಸುತ್ತೇವೆ.

ಈಗ ಆ ಕರಪತ್ರದ ಸ್ಪರ್ಧೆಗೆ ಬರೋಣ. ಸ್ಪರ್ಧೆ ಸುಳ್ಳಲ್ಲ. ಅದರ ಹೆಸರು ಓಪನ್ ಡೋರ್ಸ್. ರಷ್ಯಾದ ಪ್ರಮುಖ ವಿಶ್ವವಿದ್ಯಾಲಯಗಳ ಒಕ್ಕೂಟ ಅದನ್ನು ವರ್ಷಕ್ಕೊಮ್ಮೆ ಹೊರದೇಶದ ವಿದ್ಯಾರ್ಥಿಗಳಿಗಾಗಿ ನಡೆಸುತ್ತದೆ. ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್ ಸೇರಿದಂತೆ ಹಲವು ವಿಭಾಗಗಳಿವೆ. ಮಾಸ್ಟರ್ಸ್‌ಗೆ ಎರಡು ಹಂತ. ಮೊದಲ ಹಂತದಲ್ಲಿ ವಿದ್ಯಾರ್ಥಿ ತನ್ನ ಅಂಕಪಟ್ಟಿ, ಪ್ರಮಾಣಪತ್ರ, ಮಾಡಿದ ಕೆಲಸ, ಏಕೆ ಓದಬೇಕೆಂದಿದ್ದೇನೆ ಎಂಬ ಪತ್ರ ಇವನ್ನೆಲ್ಲ ಸೇರಿಸಿ ಕಳುಹಿಸಬೇಕು. ಅದರಲ್ಲಿ ಆಯ್ಕೆಯಾದವರಿಗೆ ಎರಡನೇ ಹಂತದಲ್ಲಿ ಕ್ಯಾಮೆರಾದ ಮುಂದೆ ಕುಳಿತು ಆನ್‌ಲೈನ್ ಪರೀಕ್ಷೆ. ಪಿಎಚ್.ಡಿ.ಗೆ ಹೋಗುವವರಿಗೆ ಅದರ ಮೇಲೆ ಸಂದರ್ಶನವೂ ಇದೆ. ಇಂಗ್ಲಿಷಿನಲ್ಲಿ ಬರೆಯಬಹುದು. ಗೆದ್ದವರಿಗೆ ಬೋಧನಾ ಶುಲ್ಕವಿಲ್ಲದೆ ಪ್ರವೇಶ ಸಿಗುತ್ತದೆ.

ಹಾಗೂ ಭಾಗವಹಿಸಲು ಶುಲ್ಕವೇ ಇಲ್ಲ. ಆ ಭಾಯಿಯಿಂದ 60,000 ಕೇಳಿದ್ದು ಹುಡುಗ ತಾನೇ ಮೊಬೈಲಿನಲ್ಲಿ ತುಂಬಬಹುದಾದ ಉಚಿತ ಅರ್ಜಿಗೆ! ಬಯಾನಿನಲ್ಲಿ ಈ ಮಾತು ಹೇಳಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ತಲೆ ತಗ್ಗಿಸಿದರು. ಅವರು ಆಗಲೇ ಹಣ ಕೊಟ್ಟಿದ್ದರೆಂದು ಆಮೇಲೆ ಗೊತ್ತಾಯಿತು.

ಆದರೆ 'ಉಚಿತ' ಎಂಬ ಪದವನ್ನು ಬಿಡಿಸಿ ಓದಬೇಕು. ಶುಲ್ಕ ಮಾಫಿ ಎಂದರೆ ಊಟ ಮಾಫಿ ಅಲ್ಲ. ವಿಮಾನದ ಟಿಕೆಟ್, ವೀಸಾ, ವಿಮೆ, ಚಳಿಗೆ ಬೇಕಾದ ಬಟ್ಟೆ, ತಿಂಗಳ ಖರ್ಚು, ಇವೆಲ್ಲ ಹುಡುಗನದೇ. ಕೋರ್ಸು ರಷ್ಯನ್ ಮಾಧ್ಯಮದ್ದಾದರೆ ಮೊದಲು ಭಾಷೆ ಕಲಿಯಲು ಒಂದು ವರ್ಷ ಬೇಕು, ಅಂದರೆ ಎರಡು ವರ್ಷದ ಓದು ಮೂರು ವರ್ಷವಾಗುತ್ತದೆ. 2022ರ ಯುದ್ಧದ ನಂತರ ನಮ್ಮಲ್ಲಿ ಸಿಗುವ ವೀಸಾ, ಮಾಸ್ಟರ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ಮನೆಯಿಂದ ಹಣ ಕಳುಹಿಸುವುದೂ ಸುಲಭವಲ್ಲ. ಇದನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಭಾಯಿಯ ಮನೆಯವರಿಗೆ ಇದಕ್ಕಿಂತ ದೊಡ್ಡ ಭಯವೊಂದಿತ್ತು. ಕಲಬುರಗಿಯವರಾದ್ದರಿಂದ ಅವರಿಗೆ ಅದು ಪತ್ರಿಕೆಯ ಸುದ್ದಿಯಲ್ಲ, ತವರಿನ ಕಡೆಯ ಮಾತು. ಕೆಲಸ ಕೊಡಿಸುತ್ತೇವೆಂಬ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದ ಆ ಜಿಲ್ಲೆಯ ಯುವಕರು ಸೈನ್ಯದ ಕಾಗದಕ್ಕೆ ಸಹಿ ಹಾಕಿ ಉಕ್ರೇನಿನ ಯುದ್ಧಭೂಮಿ ತಲುಪಿದ್ದರು. ಸರ್ಕಾರದ ಪ್ರಯತ್ನದಿಂದ ಅವರು 2024ರ ಸೆಪ್ಟೆಂಬರಿನಲ್ಲಿ ಮರಳಿದರು. ಅದೇ ಜಾಲಕ್ಕೆ ಸಿಕ್ಕಿದ ಹೈದರಾಬಾದಿನ ಒಬ್ಬ ಯುವಕ ಮರಳಲಿಲ್ಲ. "ಸೀಟು ಸಿಗುತ್ತದೋ ಬಿಡುತ್ತದೋ, ಮಗ ವಾಪಸು ಬರುತ್ತಾನಾ?" ಎಂದು ಆ ತಾಯಿ ಕೇಳಿಸಿದ್ದರು. ಅಂಥ ಪ್ರಶ್ನೆಗೆ ಧೈರ್ಯದ ಮಾತು ಹೇಳಿ ಕಳುಹಿಸುವುದು ಸರಿಯಲ್ಲ. ಅಲ್ಲಿ ಓದುತ್ತಿರುವ ಭಾರತೀಯ ವಿದ್ಯಾರ್ಥಿಗಳು ಸಾವಿರಾರು ಎಂಬುದು ನಿಜ. ಆ ಯುವಕರನ್ನು ಕೆಡಿಸಿದ್ದು ವಿಶ್ವವಿದ್ಯಾಲಯವಲ್ಲ, ಓದಲು ಬಾರದ ಭಾಷೆಯ ಕಾಗದಕ್ಕೆ ಹಾಕಿದ ಸಹಿ ಎಂಬುದೂ ನಿಜ. ಆದರೂ ತಾಯಿಯ ಮನಸ್ಸು ಒಪ್ಪದ ದೇಶಕ್ಕೆ ಮಗನನ್ನು ಕಳುಹಿಸಿ ಎಂದು ನಾವು ಹೇಳುವುದಿಲ್ಲ. ಬಾಗಿಲು ಒಂದೇ ಇದ್ದರೆ ಆ ಮಾತು ಬೇರೆ. ಬಾಗಿಲುಗಳು ಹಲವು ಇವೆ.

ಜಪಾನ್ ಸರ್ಕಾರ ಕೊಡುವ ಮೆಕ್ಸ್ಟ್ ವಿದ್ಯಾರ್ಥಿವೇತನವನ್ನು ನೋಡಿ. ಪ್ರತಿ ವರ್ಷ ಬೇಸಿಗೆಯಲ್ಲಿ ಆ ದೇಶದ ದೂತಾವಾಸ ಅರ್ಜಿ ಕರೆಯುತ್ತದೆ. ಬೆಂಗಳೂರಿನಲ್ಲಿಯೇ ಅವರ ಕಾನ್ಸುಲೇಟ್ ಇದೆ. ಇಂಗ್ಲಿಷ್ ಮತ್ತು ಜಪಾನಿ ಭಾಷೆಯಲ್ಲಿ ಲಿಖಿತ ಪರೀಕ್ಷೆ, ನಂತರ ಸಂದರ್ಶನ. ವಯಸ್ಸು 35ರೊಳಗಿರಬೇಕು. ತಾನು ಏನನ್ನು ಸಂಶೋಧಿಸುತ್ತೇನೆ ಎಂದು ಎರಡು ಮೂರು ಪುಟ ಸ್ಪಷ್ಟವಾಗಿ ಬರೆಯಬೇಕು, ಹೆಚ್ಚಿನವರು ಸೋಲುವುದು ಇಲ್ಲಿಯೇ. ಗೆದ್ದರೆ ಶುಲ್ಕವಿಲ್ಲ, ಹೋಗಿಬರುವ ವಿಮಾನದ ಖರ್ಚು ಅವರದು, ತಿಂಗಳಿಗೆ ಸುಮಾರು 1,43,000 ಯೆನ್ ಕೈಗೆ ಬರುತ್ತದೆ. ಇದು ಊಟವನ್ನೂ ಸೇರಿಸಿದ ಉಚಿತ. ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿ, ಅಲ್ಲಿನ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸಾಗಿ ಮಾಸ್ಟರ್ಸ್‌ಗೆ ಹೋಗುವ ಕ್ರಮ ಹೆಚ್ಚು. ಆಯ್ಕೆಯಾಗುವವರು ಬಹಳ ಕಡಿಮೆ ಎಂಬುದನ್ನೂ ಮರೆಯಬಾರದು.

ಯುರೋಪಿನ ಎರಾಸ್ಮಸ್ ಮುಂಡಸ್ ಕೂಡ ಇದೇ ತರಹದ್ದು. ಎರಡು ಮೂರು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಮಾಸ್ಟರ್ಸ್. ಪರೀಕ್ಷೆ ಇಲ್ಲ, ಅರ್ಜಿಯ ಮೇಲೆಯೇ ಪೈಪೋಟಿ. ಸಿಕ್ಕರೆ ಶುಲ್ಕ ಮಾಫಿ, ಮೇಲೆ ತಿಂಗಳಿಗೆ 1,400 ಯೂರೋ. ಸೌದಿಯಲ್ಲಿ ಕೆಂಪು ಸಮುದ್ರದ ದಡದ ತುವಲ್‌ನಲ್ಲಿ 2009ರಲ್ಲಿ ಆರಂಭವಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪಡೆದವರಿಗೆ ಫೆಲೋಶಿಪ್ ಇದೆ, ವಸತಿಯ ಚಿಂತೆಯೂ ಇಲ್ಲ. 'ಮುಸ್ಲಿಮರ ದೇಶ, ಹೇಗಾದರೂ ಸಿಗುತ್ತದೆ' ಎಂದುಕೊಂಡು ಹೋಗುವವರು ಅಲ್ಲಿನ ಆಯ್ಕೆ ಎಷ್ಟು ಬಿಗಿ ಎಂದು ನೋಡಿ ಬೆಚ್ಚುತ್ತಾರೆ. ಟರ್ಕಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಪ್ರತಿವರ್ಷ ಜನವರಿ 10ರಿಂದ ಫೆಬ್ರವರಿ 20ರವರೆಗೆ ಅರ್ಜಿ. ಶುಲ್ಕವಿಲ್ಲ, ಮಾಸ್ಟರ್ಸ್‌ಗೆ ವಯಸ್ಸು 30ರೊಳಗೆ, ಮೊದಲ ವರ್ಷ ಟರ್ಕಿ ಭಾಷೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮಕ್ಕಳಿಗೆ ಮೊದಲು ಬರೆಯಿರಿ ಎಂದು ನಾವು ಹೇಳುವುದು ಗೇಟ್ ಪರೀಕ್ಷೆಯನ್ನು. ಐಐಟಿಗಳು ಮತ್ತು ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ ಸರದಿಯಂತೆ ಇದನ್ನು ನಡೆಸುತ್ತವೆ, 2024ರಲ್ಲಿ ವಿಜ್ಞಾನ ಸಂಸ್ಥೆಯದೇ ಸರದಿಯಾಗಿತ್ತು. ಪೀಣ್ಯದಿಂದ ಮೆಟ್ರೋದಲ್ಲಿ ಕೆಲವೇ ನಿಮಿಷದ ದೂರದಲ್ಲಿರುವ ಆ ಸಂಸ್ಥೆಯ ಗೇಟನ್ನು ನಮ್ಮ ಮೊಹಲ್ಲಾದ ಎಷ್ಟು ಮಕ್ಕಳು ಒಳಗಿನಿಂದ ನೋಡಿದ್ದಾರೆ? ಅರ್ಜಿಗೆ ಸುಮಾರು ಎರಡು ಸಾವಿರ ರೂಪಾಯಿ, ಹೆಣ್ಣುಮಕ್ಕಳಿಗೆ ಅದರ ಅರ್ಧ. ಮೂರನೇ ವರ್ಷದಲ್ಲಿಯೇ ಬರೆಯಬಹುದು, ಅಂಕ ಮೂರು ವರ್ಷ ನಡೆಯುತ್ತದೆ. ಪರೀಕ್ಷೆ ಫೆಬ್ರವರಿಯ ಶನಿವಾರ ಭಾನುವಾರಗಳಲ್ಲಿ, ಆದ್ದರಿಂದ ಜುಮಾ ತಪ್ಪುವ ಪ್ರಶ್ನೆಯೂ ಇಲ್ಲ.

ಸಿಂಗಾಪುರದ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಭಾರತೀಯ ವಿದ್ಯಾರ್ಥಿಗಳ ಗೇಟ್ ಅಂಕವನ್ನು ಒಪ್ಪುತ್ತವೆ, ಜರ್ಮನಿಯ ಕೆಲವು ಕೋರ್ಸುಗಳೂ ಕೇಳುತ್ತವೆ. ಎಲ್ಲೂ ಆಗದಿದ್ದರೆ ಇಲ್ಲಿಯೇ ಐಐಟಿ, ಎನ್‌ಐಟಿ, ವಿಜ್ಞಾನ ಸಂಸ್ಥೆಗಳಲ್ಲಿ ಎಂ.ಟೆಕ್. ಓದುತ್ತಾ ತಿಂಗಳಿಗೆ 12,400 ರೂಪಾಯಿ ಸಹಾಯಧನ ಪಡೆಯಬಹುದು. ಸೋತರೂ ಕೈ ಖಾಲಿಯಾಗದ ಓಟ ಇದು. ಹೊರದೇಶಕ್ಕೆ ಹೋದರೆ ಮಾತ್ರ ಓದು ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ! ಚೀನಾಕ್ಕಾದರೂ ಹೋಗಿ ವಿದ್ಯೆ ಕಲಿಯಿರಿ ಎಂಬರ್ಥದ ಮಾತನ್ನು ಹದೀಸ್ ಎಂದು ಎಲ್ಲ ಸಮಾರಂಭಗಳಲ್ಲಿ ಹೇಳುತ್ತಾರೆ. ಹದೀಸ್ ವಿದ್ವಾಂಸರು ಅದನ್ನು ದುರ್ಬಲ ಎಂದಿದ್ದಾರೆ. ವಿದ್ಯೆಯ ಹುಡುಕಾಟ ಕಡ್ಡಾಯ ಎಂಬುದಕ್ಕೆ ಇಬ್ನ್ ಮಾಜಾದ ವರದಿಯೇ ಸಾಕು, ಅದರಲ್ಲಿ ಊರಿನ ಹೆಸರಿಲ್ಲ.

ಜರ್ಮನಿಯ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ಹೆಚ್ಚು ಕೇಳುವುದು ಆ ದೇಶವನ್ನೇ. ಅಲ್ಲಿನ ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೋ ತೆಗೆದುಕೊಳ್ಳುತ್ತಿದೆ. ಹಳೆಯ ಮಾತು ನಂಬಿ ಹೋದವರು ಇಲ್ಲಿ ಎಡವುತ್ತಾರೆ. ಭಾರತೀಯರು ತಮ್ಮ ಅಂಕಪಟ್ಟಿಗಳನ್ನು ಎಪಿಎಸ್ ಎಂಬ ಕಚೇರಿಯಿಂದ ಪರಿಶೀಲನೆ ಮಾಡಿಸಬೇಕೆಂಬ ನಿಯಮ 2022ರ ನವೆಂಬರಿನಿಂದ ಬಂದಿದೆ, ಅದಕ್ಕೆ 18,000 ರೂಪಾಯಿ. ಇದೆಲ್ಲಕ್ಕಿಂತ ದೊಡ್ಡದು ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಜೀವನಕ್ಕೆಂದು 11,904 ಯೂರೋ ಮೊದಲೇ ಇಟ್ಟು ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹತ್ತರಿಂದ ಹನ್ನೆರಡು ಲಕ್ಷ ರೂಪಾಯಿ. ಅದು ಶುಲ್ಕವಲ್ಲ, ಹುಡುಗನಿಗೇ ತಿಂಗಳು ತಿಂಗಳು ವಾಪಸು ಬರುವ ಹಣ. ಆದರೂ ಮೊದಲು ಇಡಬೇಕಲ್ಲ?

ಬಡ್ಡಿಯ ಸಾಲ ಮನೆಯೊಳಗೆ ಬರುವುದು ಈ ಹಂತದಲ್ಲಿ. ಬ್ಯಾಂಕಿನ ಶಿಕ್ಷಣ ಸಾಲ ಸುಲಭವಾಗಿ ಸಿಗುತ್ತದೆ, 'ಓದಿಗಲ್ಲವೇ ಹಜರತ್' ಎಂದು ಕೇಳುತ್ತಾರೆ. ಹೊರದೇಶದ ಮಾಸ್ಟರ್ಸ್ ಎಂಬುದು ಪ್ರಾಣ ಉಳಿಸುವ ಅಗತ್ಯವಲ್ಲ, ಆದ್ದರಿಂದ ಬಡ್ಡಿಗೆ ವಿನಾಯಿತಿ ಇದೆ ಎಂದು ನಾವು ಹೇಳಲಾರೆವು. ಹೀಗೆ ಹೇಳಿ ಸುಮ್ಮನಾಗುವುದೂ ತಪ್ಪು, ಬೇರೆ ದಾರಿ ತೋರಿಸಬೇಕು. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶದ ಓದಿಗೆ ಬಡ್ಡಿರಹಿತ ಸಾಲದ ಯೋಜನೆ ನಡೆಸುತ್ತಿದೆ. ಆದಾಯದ ಮಿತಿ, ಭದ್ರತೆಯ ಷರತ್ತುಗಳಿವೆ, ಆ ವರ್ಷದ ಪ್ರಕಟಣೆಯನ್ನು ನಿಗಮದ ಕಚೇರಿಯಲ್ಲಿಯೇ ಓದಿ. ಸೈಟು ಮಾರುವುದಕ್ಕಿಂತ ಅದನ್ನು ಭದ್ರತೆಯಾಗಿ ತೋರಿಸಲು ಆಗುತ್ತದೆಯೇ ಎಂದು ಅಲ್ಲಿ ಕೇಳಬಹುದು. ಕೇಂದ್ರ ಸರ್ಕಾರದ ಪಢೋ ಪರದೇಶ್ ಯೋಜನೆಯ ಹೆಸರು ಹೇಳಿ ಹಣ ಕೇಳುವವರನ್ನು ನಂಬಬೇಡಿ, ಆ ಯೋಜನೆ 2022ರಲ್ಲಿಯೇ ನಿಂತಿದೆ. 1892ರಿಂದ ನಡೆದು ಬಂದಿರುವ ಜೆ.ಎನ್. ಟಾಟಾ ಎಂಡೋಮೆಂಟ್ ಪರೀಕ್ಷೆ, ಸಂದರ್ಶನ ಮಾಡಿ ಪ್ರತಿಭಾವಂತರಿಗೆ ನೆರವು ಕೊಡುತ್ತದೆ, ಬಹಳ ಗೌರವದ್ದು. ಆದರೆ ಅದು ಹಿಂತಿರುಗಿಸಬೇಕಾದ ಸಾಲ, ಅದರ ಷರತ್ತುಗಳನ್ನು ಓದಿ ನಿರ್ಧರಿಸಬೇಕು.

ಝಕಾತ್ ಕೊಡಬಹುದೇ ಎಂದು ಹಲವರು ಕೇಳಿದ್ದಾರೆ. ಹುಡುಗ ವಯಸ್ಕನಾಗಿದ್ದು, ನಿಸಾಬಿನಷ್ಟು ಆಸ್ತಿ ಅವನಲ್ಲಿ ಇಲ್ಲದಿದ್ದರೆ, ಕೊಡಬಹುದು. ಹನಫಿ ಫಿಕ್ಹಿನಂತೆ ಹಣ ಅವನ ಕೈಗೆ, ಅವನ ಒಡೆತನಕ್ಕೆ ಬರಬೇಕು. ಆಮೇಲೆ ಅವನು ಪಾಸ್‌ಪೋರ್ಟ್ ಮಾಡಿಸಲಿ, ಪರೀಕ್ಷಾ ಶುಲ್ಕ ಕಟ್ಟಲಿ. ಪ್ರತಿ ರಮಝಾನಿನಲ್ಲಿ ನಮ್ಮ ಜಮಾಅತಿನಿಂದ ಹೋಗುವ ಝಕಾತಿನ ದೊಡ್ಡ ಭಾಗ ಹೊರ ಊರುಗಳಿಗೆ ಹೋಗುತ್ತದೆ. ಹೋಗಬಾರದು ಎನ್ನುವುದಿಲ್ಲ. ಆದರೆ ಎರಡು ಸಾವಿರ ರೂಪಾಯಿ ಇಲ್ಲದೆ ಗೇಟ್ ಅರ್ಜಿ ಬಿಟ್ಟ ಹುಡುಗ ನಮ್ಮದೇ ಸಾಲಿನಲ್ಲಿ ನಮಾಜಿಗೆ ನಿಂತಿರುತ್ತಾನೆ.

ತಯಾರಿಯ ಬಗ್ಗೆ ಕಂಪನಿಯ ಸಹೋದರರು ಹೇಳಿದ್ದರಲ್ಲಿ ನಮಗೆ ಹೆಚ್ಚು ತಟ್ಟಿದ್ದು ಪ್ರಾಜೆಕ್ಟಿನ ಮಾತು. ಈ ಎಲ್ಲ ಸ್ಪರ್ಧೆಗಳಲ್ಲಿ ಕೇಳುವ ಪ್ರಶ್ನೆ ಒಂದೇ: ನೀನು ನಿನ್ನ ಕೈಯಾರೆ ಏನು ಮಾಡಿದ್ದೀಯ? ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಫೈನಲ್ ಇಯರ್ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ವರದಿ, ಮಾದರಿ, ಬೈಂಡಿಂಗ್ ಎಲ್ಲ ಸೇರಿ ಇಷ್ಟು ಎಂದು ದರ ಇದೆ. ಕಾಲೇಜಿನಲ್ಲಿ ಅದು ನಡೆದುಹೋಗುತ್ತದೆ. ಹೊರಗಿನ ಪ್ರೊಫೆಸರ್ ಎರಡು ಪ್ರಶ್ನೆ ಕೇಳಿದರೆ ನಿಲ್ಲುವುದಿಲ್ಲ. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ, ಕೆಳಗಿನ ಒದ್ದೆಯನ್ನು ಹೊರತೆಗೆದು, ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದಲ್ಲಿ ಪ್ರವಾದಿ(ಸ)ರವರು ಎಚ್ಚರಿಸಿದ್ದನ್ನು ವ್ಯಾಪಾರಿಗಳಿಗೆ ಮಾತ್ರ ಹೇಳುತ್ತೇವೆ. ಮೇಲೆ ಒಣಗಿದ ಕಾಳು, ಕೆಳಗೆ ಒದ್ದೆ, ಕೊಂಡ ಪ್ರಾಜೆಕ್ಟಿಗೂ ಇದೇ ಲಕ್ಷಣ.

ಪೀಣ್ಯದ ಮಕ್ಕಳಿಗೆ ಹೀಗೆ ಕೊಳ್ಳುವ ಅಗತ್ಯವೇನಿದೆ? ಭಾಯಿಯ ಮಗನನ್ನು ಕರೆದು ಕೇಳಿದೆವು, ಅವನ ಪ್ರಾಜೆಕ್ಟೂ ಕೊಂಡದ್ದೇ ಆಗುವುದರಲ್ಲಿತ್ತು. ಅವನ ತಂದೆ ಕೈಯಿಟ್ಟು ಮುಟ್ಟಿದರೆ ಯಾವ ಲೇತ್ ನಡುಗುತ್ತಿದೆ, ಯಾವ ಟೂಲ್ ಸವೆದಿದೆ ಎಂದು ಹೇಳುತ್ತಾರೆ, ಮೈಕ್ರೋಮೀಟರ್ ಹಿಡಿಯುವ ಮೊದಲೇ ಅಳತೆ ಹೆಚ್ಚೋ ಕಡಿಮೆಯೋ ಅವರಿಗೆ ಗೊತ್ತು. ಎಲೆಕ್ಟ್ರಾನಿಕ್ ಸಿಟಿಯ ಒಬ್ಬ ಸಹೋದರರು ಹುಡುಗನಿಗೆ ಹೇಳಿದರು: "ನಿಮ್ಮ ಅಬ್ಬಾ ಕಿವಿಯಿಂದ ಕೇಳುವುದನ್ನು ನೀನು ಸೆನ್ಸರಿನಿಂದ ಅಳೆದು ತೋರಿಸು. ಅದೇ ಪ್ರಾಜೆಕ್ಟ್." ಹುಡುಗ ಮೂರು ತಿಂಗಳು ತಂದೆಯ ಶೆಡ್ಡಿನಲ್ಲಿ ಕುಳಿತ. ಒಂದು ಸಣ್ಣ ಸೆನ್ಸರನ್ನು ಲೇತಿಗೆ ಅಂಟಿಸಿ, ಹೊಸ ಟೂಲಿನಲ್ಲಿ ಕಂಪನ ಎಷ್ಟು, ಸವೆದಾಗ ಎಷ್ಟು ಎಂದು ಬರೆದಿಟ್ಟ. ತಂದೆ 'ಈಗ ಬದಲಿಸು' ಎನ್ನುವ ಹೊತ್ತಿಗೂ ಸೆನ್ಸರ್ ತೋರಿಸುವ ಹೊತ್ತಿಗೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಪಟ್ಟಿ ಮಾಡಿದ. ಅಪ್ಪ ಮಗ ಅಷ್ಟು ಮಾತಾಡಿದ್ದನ್ನು ಮನೆಯವರು ನೋಡಿರಲಿಲ್ಲವಂತೆ.

ಓಪನ್ ಡೋರ್ಸ್‌ಗೂ ಅವನು ಒಂದು ಅರ್ಜಿ ಹಾಕಿದ್ದ. ಗೆದ್ದರೆ ಹೋಗುವ ಮಾತು ಆಮೇಲೆ, ಬರೆದು ನೋಡಲಿ ಎಂದು ತಾಯಿ ಒಪ್ಪಿದ್ದರು. ಮೊದಲ ಹಂತ ದಾಟಿದ. ಎರಡನೆಯದಕ್ಕೆ ತೊಂದರೆ ಎದುರಾಯಿತು. ಕ್ಯಾಮೆರಾದ ಮುಂದೆ ಒಬ್ಬನೇ ಇರಬೇಕು, ಇನ್ನೊಬ್ಬರ ಮುಖವೋ ಧ್ವನಿಯೋ ಬಂದರೆ ಅನುಮಾನ. ಆರು ಜನರ ಒಂದು ಕೋಣೆಯ ಮನೆಯಲ್ಲಿ ಅದು ಹೇಗೆ ಸಾಧ್ಯ? ಮುತವಲ್ಲಿ ಸಾಹೇಬರನ್ನು ಕೇಳಿ ಮದ್ರಸಾದ ಮೇಲಿನ ಕೋಣೆಯನ್ನು ಬಿಟ್ಟುಕೊಟ್ಟೆವು. ಒಬ್ಬರು ಇಂಟರ್ನೆಟ್ ಹಾಕಿಸಿದರು, ಒಬ್ಬರು ಯುಪಿಎಸ್ ತಂದಿಟ್ಟರು. ಆ ದಿನ ಮಕ್ಕಳ ಪಾಠವನ್ನು ನಾವೇ ಕೆಳಗಿನ ಸಭಾಂಗಣದಲ್ಲಿ ಸಣ್ಣ ದನಿಯಲ್ಲಿ ನಡೆಸಿದೆವು.

ಹೆಣ್ಣುಮಕ್ಕಳ ಬಗ್ಗೆ ಮಹಿಳೆಯರ ಕಡೆಯಿಂದ ಚೀಟಿ ಬಂದಿತ್ತು. ಮಹ್ರಮ್ ಇಲ್ಲದ ದೂರ ಪ್ರಯಾಣವನ್ನು ನಮ್ಮ ಫಿಕ್ಹ್ ಒಪ್ಪುವುದಿಲ್ಲ. ಸುರಕ್ಷಿತ ಸಹವಾಸ ಇದ್ದರೆ ಆಗಬಹುದು ಎನ್ನುವ ಇಂದಿನ ವಿದ್ವಾಂಸರೂ ಇದ್ದಾರೆ. ಪ್ರತಿ ಮನೆಯ ಪರಿಸ್ಥಿತಿ ಬೇರೆ, ಆ ಪ್ರಶ್ನೆಯನ್ನು ಆಗ ಬಂದು ಕೇಳಿ. ಆದರೆ ಪ್ರಯಾಣದ ಪ್ರಶ್ನೆ ಮುಂದಿಟ್ಟು ಪರೀಕ್ಷೆಯನ್ನೇ ಬರೆಯಬೇಡ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಗೇಟ್ ಬರೆಯಲು ಸಮುದ್ರ ದಾಟಬೇಕಿಲ್ಲ, ವಿಜ್ಞಾನ ಸಂಸ್ಥೆಯಿಂದ ಸಂಜೆ ಮನೆಗೆ ಬರಬಹುದು. ಇಡೀ ಮೊಹಲ್ಲಾದಲ್ಲಿ ಹೆಚ್ಚು ಅಂಕ ತೆಗೆಯುವವರು ಅವರೇ ಎಂಬುದನ್ನು ನಾವೆಲ್ಲ ಬಲ್ಲೆವು.

ಭಾಯಿಯ ಮಗ ಎರಡನೇ ಹಂತದಲ್ಲಿ ಗೆಲ್ಲಲಿಲ್ಲ. ಫಲಿತಾಂಶ ಬಂದ ದಿನ ಮಗರಿಬ್ ನಂತರ ಬಂದು ಹೇಳಿದ. ಗಣಿತ ಸಾಲದು, ಎರಡನೇ ವರ್ಷದಲ್ಲಿ ಬಿಟ್ಟದ್ದು ಈಗ ಹೊಡೆಯಿತು ಎಂದ. ಅವನ ತಾಯಿಗೆ ಸಮಾಧಾನವಾಯಿತೋ ಬೇಸರವಾಯಿತೋ ಅವರಿಗೇ ಗೊತ್ತು. ಸೈಟು ಹಾಗೆಯೇ ಇದೆ. ಲೇತಿನ ಪ್ರಾಜೆಕ್ಟನ್ನು ಕಾಲೇಜಿನವರು ಒಪ್ಪಿದ್ದಾರೆ. ಈಗ ಅವನು ಬೆಳಿಗ್ಗೆ ಒಂದು ಕಾರ್ಖಾನೆಯಲ್ಲಿ ಟ್ರೈನಿ, ಇಶಾ ನಂತರ ಗೇಟ್ ಓದು. ಒಬ್ಬನೇ ಓದುತ್ತಿದ್ದವನ ಜೊತೆಗೆ ಈಗ ಏಳು ಜನ ಕೂರುತ್ತಾರೆ, ಅವರಲ್ಲಿ ಇಬ್ಬರು ಇನ್ನೂ ಮೂರನೇ ಸೆಮಿಸ್ಟರಿನವರು. ಕೆಳಗೆ ತಲೆ ತಗ್ಗಿಸಿ ಕುಳಿತಿದ್ದವರಲ್ಲಿ ಒಬ್ಬರ ಮಗನೂ ಇದ್ದಾನೆ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ. ಮೇಲಿನ ಕೋಣೆ ಭಾನುವಾರ ಬಿಟ್ಟು ಪ್ರತಿ ರಾತ್ರಿ ಇಶಾ ನಂತರ ಹನ್ನೊಂದರವರೆಗೆ ತೆರೆದಿರುತ್ತದೆ. ಬೇರೆ ಮೊಹಲ್ಲಾದವರೂ, ಬೇರೆ ಧರ್ಮದ ಸಹಪಾಠಿಗಳೂ ಬರಬಹುದು. ಯಾರಾದರೂ ಕರಪತ್ರ ಕೊಟ್ಟು ಹಣ ಕೇಳಿದರೆ ಕೊಡುವ ಮೊದಲು ಆ ಕರಪತ್ರವನ್ನು ಅಲ್ಲಿಗೆ ತನ್ನಿ, ಹುಡುಗರೇ ಓದಿ ನೋಡುತ್ತಾರೆ.